ಕಡಲ ತಳದ ಲೆಕ್ಕ

ಬೆಳಗಾದೊಡನೆ ಗೃಹಿಣಿಯು ಮನೆಯನ್ನು ಗುಡಿಸಿ, ಸಾರಿಸಿ, ಕಸವನ್ನು ಹೊರಗೆ ಚೆಲ್ಲುತ್ತಾಳೆ. ಮನೆಯು ಶುದ್ಧವಾಯಿತೆಂದು ಎಲ್ಲರೂ ಭಾವಿಸುತ್ತಾರೆ. ಆ ಭಾವನೆಯಲ್ಲಿ ತಪ್ಪೇನೂ ಇಲ್ಲ. ಒಲೆಯ ಬೂದಿ, ದನದ ಸಗಣಿ, ಒಣಗಿದ ಎಲೆ, ಮುಸುರೆಯ ನೀರು ಇವೆಲ್ಲವೂ ತಿಪ್ಪೆಯನ್ನು ಸೇರಿ, ಮಳೆ ಬಿಸಿಲುಗಳಲ್ಲಿ ಕಳಿತು, ಮರುವರ್ಷ ಹೊಲಕ್ಕೆ ಗೊಬ್ಬರವಾಗಿ ಹೋಗಿ, ಅನ್ನವಾಗಿ ಅದೇ ಮನೆಗೆ ಮರಳಿ ಬರುತ್ತವೆ. ಹೊರಗೆ ಹಾಕಿದ ವಸ್ತುವು ಭೂಮಿಯಲ್ಲಿ ಕರಗುವುದಾದರೆ 'ಹೊರಗೆ' ಎಂಬ ಮಾತಿಗೆ ಅರ್ಥವುಂಟು. ಆದರೆ ಅದು ಕರಗದೆ ಉಳಿದರೆ? ಮಣ್ಣೂ ನೀರೂ ಅದನ್ನು ಜೀರ್ಣಿಸಿಕೊಳ್ಳಲಾರದೆ ತಮ್ಮ ಒಡಲಲ್ಲಿ ಇಟ್ಟುಕೊಂಡು, ಎಷ್ಟೋ ವರ್ಷಗಳ ಮೇಲೆ ಯಾರದೋ ಮಗುವಿನ ಊಟದ ತಟ್ಟೆಗೆ ಬಡಿಸಿದರೆ? ಆಗ ಮನೆಯು ಶುದ್ಧವಾಯಿತೆಂದು ಹೇಳುವವರು ಯಾರು?

ಇದು ಕೇವಲ ಕಸದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ. ಮನುಷ್ಯನು ಮಾಡಿದ ಕೆಲಸವು ಅವನ ಕೈಬಿಟ್ಟ ಕ್ಷಣದಲ್ಲಿ ಮುಗಿಯುತ್ತದೆಯೆ? ಕೆಲಸ ನಿಂತ ಮೇಲೆ, ಹಣ ಕೊಟ್ಟ ಮೇಲೆ, ಮಾಡಿದವನೇ ತೀರಿಹೋದ ಮೇಲೆ ಅದರ ಹೊಣೆಯೂ ತೀರುತ್ತದೆಯೆ? ಈ ಪ್ರಶ್ನೆಗಳಿಗೆ ಉತ್ತರವನ್ನು ಗ್ರಂಥಗಳಲ್ಲಿ ಮಾತ್ರವೇ ಹುಡುಕಬೇಕಾಗಿಲ್ಲ. ಕಡಲ ತಳದ ಕೆಸರೂ ಒಂದು ಉತ್ತರವನ್ನು ಬರೆದಿಟ್ಟಿದೆ.

ನದಿಗಳು ಹೊತ್ತು ತರುವ ಮಣ್ಣಿನ ಕಣಗಳು ಕರಾವಳಿಯ ನಿಶ್ಚಲವಾದ ನೀರಿನಲ್ಲಿ ಮೆಲ್ಲಗೆ ಕೆಳಗಿಳಿದು ಪದರದ ಮೇಲೆ ಪದರವಾಗಿ ಕೂಡುತ್ತವೆ. ಇದೇ ಹೂಳು. ಸೀಸ, ಪಾದರಸಗಳಂತಹ ಲೋಹಗಳೂ, ನೀರಿನಲ್ಲಿ ಸುಲಭವಾಗಿ ಕರಗದ ಅನೇಕ ರಾಸಾಯನಿಕಗಳೂ ಈ ನುಣುಪಾದ ಕಣಗಳಿಗೆ ಅಂಟಿಕೊಂಡು ಅವುಗಳ ಜೊತೆಯಲ್ಲಿಯೇ ತಳವನ್ನು ಸೇರುತ್ತವೆ. ಮೇಲಿನ ನೀರು ತಿಳಿಯಾಗಿ ಹೊಳೆಯುತ್ತಿರುತ್ತದೆ. ಕೆಳಗೆ ವಿಷವು ಶೇಖರವಾಗುತ್ತಿರುತ್ತದೆ. ಹೂಳಿನೊಳಕ್ಕೆ ಉದ್ದನೆಯ ಕೊಳವೆಯನ್ನಿಳಿಸಿ ಮೇಲೆತ್ತಿದರೆ, ತಾಳೆಯೋಲೆಯ ಗರಿಗಳನ್ನು ಒಂದೊಂದಾಗಿ ಮಗುಚಿ ಓದುವಂತೆ, ಯಾವ ಕಾಲದಲ್ಲಿ ಮನುಷ್ಯರು ಏನನ್ನು ಕಡಲಿಗೆ ಬಿಟ್ಟರೆಂಬುದನ್ನು ವಿಜ್ಞಾನಿಗಳು ಓದಬಲ್ಲರು. ಅಮೆರಿಕೆಯಲ್ಲಿ ಡಿಡಿಟಿ ಎಂಬ ಕೀಟನಾಶಕದ ಬಳಕೆಯನ್ನು 1972ರಲ್ಲಿ ನಿಷೇಧಿಸಲಾಯಿತು. ಆದರೂ ಲಾಸ್ ಏಂಜಲೀಸ್ ನಗರದ ಬಳಿಯ ಪಾಲೋಸ್ ವರ್ಡೀಸ್ ಕರಾವಳಿಯ ಹೂಳಿನಲ್ಲಿ, ಹಿಂದೆ ಚರಂಡಿಗಳ ಮೂಲಕ ಬಂದು ಸೇರಿದ ಡಿಡಿಟಿಯು ಇಂದಿಗೂ ಉಳಿದಿದೆ. ಶಾಸನವು ಮನುಷ್ಯನ ಕೈಯನ್ನು ತಡೆಯಬಲ್ಲದು. ಆಗಲೇ ಕೈಬಿಟ್ಟು ಹೋದದ್ದನ್ನು ಹಿಂದಕ್ಕೆ ಕರೆಯಲಾರದು.

ಈ ಮಾತಿನ ಪೂರ್ಣವಾದ ಅರ್ಥವನ್ನು ಲೋಕಕ್ಕೆ ಕಲಿಸಿದ್ದು ಜಪಾನಿನ ಒಂದು ಚಿಕ್ಕ ಊರು. ಕ್ಯೂಷು ದ್ವೀಪದ ಕುಮಾಮೊಟೊ ಪ್ರಾಂತದಲ್ಲಿ, ಷಿರಾನುಯಿ ಎಂಬ ಒಳಗಡಲಿನ ದಡದಲ್ಲಿ ಮಿನಮಾಟ ಎಂಬ ಊರಿದೆ. ಸುತ್ತಲೂ ದ್ವೀಪಗಳ ಮರೆಯಿದ್ದುದರಿಂದ ಅಲ್ಲಿಯ ಕಡಲು ಶಾಂತವಾದುದು, ಮೀನು ಸಮೃದ್ಧವಾದುದು. ಬೆಸ್ತರ ಕುಟುಂಬಗಳು ಮೂರು ಹೊತ್ತೂ ಮೀನನ್ನೇ ಉಂಡು ಬದುಕುತ್ತಿದ್ದವು. 1908ರಲ್ಲಿ ಅಲ್ಲಿ ಒಂದು ರಾಸಾಯನಿಕ ಕಾರ್ಖಾನೆಯು ಸ್ಥಾಪಿತವಾಯಿತು. ಮುಂದೆ ಚಿಸ್ಸೊ ಎಂಬ ಹೆಸರಿನಿಂದ ಪ್ರಸಿದ್ಧವಾದ ಕಂಪನಿಯು ಅದರ ಒಡೆತನವನ್ನು ಹೊಂದಿತ್ತು. ಊರಿಗೆ ಕೆಲಸ ಬಂತು, ಹಣ ಬಂತು, ಹೆಸರು ಬಂತು. 1932ರಿಂದ ಕಾರ್ಖಾನೆಯು ಅಸಿಟಾಲ್ಡಿಹೈಡ್ ಎಂಬ ದ್ರವವನ್ನು ತಯಾರಿಸತೊಡಗಿತು. ವಿನೆಗರಿನ ಆಮ್ಲದಿಂದ ಮೊದಲ್ಗೊಂಡು ಪ್ಲಾಸ್ಟಿಕ್ಕನ್ನು ಮೆದುವಾಗಿಸುವ ವಸ್ತುವಿನವರೆಗೆ ಅನೇಕ ಪದಾರ್ಥಗಳಿಗೆ ಅದು ಮೂಲ. ಅದರ ತಯಾರಿಕೆಯಲ್ಲಿ ಪಾದರಸದ ಲವಣವನ್ನು ಬಳಸುತ್ತಿದ್ದರು. ಆ ಪಾದರಸದ ಒಂದು ಅಂಶವು ಪಾತ್ರೆಯೊಳಗೇ ಮೀಥೈಲ್ ಪಾದರಸವೆಂಬ ಘೋರ ವಿಷವಾಗಿ ಮಾರ್ಪಟ್ಟು, ಹೊಲಸು ನೀರಿನೊಡನೆ ಕೊಲ್ಲಿಗೆ ಹರಿದುಹೋಗುತ್ತಿತ್ತು.

ಪಾದರಸವು ಮೂಲಧಾತು. ಅದನ್ನು ಸುಟ್ಟು ಇಲ್ಲವಾಗಿಸುವುದಕ್ಕಾಗಲಿ ಕೊಳೆಯಿಸಿ ಮಣ್ಣಾಗಿಸುವುದಕ್ಕಾಗಲಿ ಬರುವುದಿಲ್ಲ. ಅದು ರೂಪವನ್ನು ಬದಲಿಸಬಹುದು, ಸ್ಥಳವನ್ನು ಬದಲಿಸಬಹುದು, ಲಯವಾಗದು. ಒಟ್ಟು 70ರಿಂದ 150 ಟನ್ನುಗಳಷ್ಟು ಪಾದರಸವು ಆ ಕಡಲನ್ನು ಸೇರಿರಬೇಕೆಂದು ಅಂದಾಜುಗಳಿವೆ. ಕಾಲುವೆಯು ಕೊಲ್ಲಿಯನ್ನು ಸೇರುವಲ್ಲಿಯ ಕೆಸರನ್ನು 1959ರಲ್ಲಿ ಪರೀಕ್ಷಿಸಿದಾಗ, ಹತ್ತು ಲಕ್ಷ ಭಾಗ ಕೆಸರಿನಲ್ಲಿ 2,010 ಭಾಗ ಪಾದರಸವು ಕಂಡುಬಂದಿತು. ನೀರಿನಲ್ಲಿದ್ದ ವಿಷವು ಕಣ್ಣಿಗೆ ಕಾಣದ ಜೀವಿಗಳಿಗೂ ಚಿಪ್ಪಿನ ಜೀವಿಗಳಿಗೂ, ಅವುಗಳಿಂದ ಚಿಕ್ಕ ಮೀನಿಗೂ, ಅದರಿಂದ ದೊಡ್ಡ ಮೀನಿಗೂ ಏರುತ್ತ ಏರುತ್ತ, ಪ್ರತಿಯೊಂದು ಮೆಟ್ಟಿಲಲ್ಲಿಯೂ ಸಾಂದ್ರವಾಗುತ್ತ ಹೋಯಿತು. ಕೊನೆಯ ಮೆಟ್ಟಿಲಲ್ಲಿ ಕುಳಿತು ಉಣ್ಣುತ್ತಿದ್ದವನು ಮನುಷ್ಯ.

ಮೊದಲು ಮೂಕಪ್ರಾಣಿಗಳು ಸಾಕ್ಷಿ ನುಡಿದವು. ಬೆಕ್ಕುಗಳು ಹುಚ್ಚು ಹಿಡಿದಂತೆ ಸುತ್ತಿ ಸುತ್ತಿ ಕುಣಿದು ಸತ್ತವು. ಕಾಗೆಗಳು ಹಾರುತ್ತಿದ್ದಂತೆಯೇ ನೆಲಕ್ಕೆ ಬಿದ್ದವು. ಆಮೇಲೆ ಮನುಷ್ಯರ ಸರದಿ ಬಂತು. ಕೈಕಾಲು ಜೋಮು ಹಿಡಿದವು, ದೃಷ್ಟಿಯು ಕಿರಿದಾಯಿತು, ಮಾತು ತೊದಲಿತು, ನಡೆ ತೂರಾಡಿತು. ಹಲವರು ಪ್ರಜ್ಞೆ ತಪ್ಪಿ ಪ್ರಾಣ ಬಿಟ್ಟರು. 1956ರ ಮೇ 1ರಂದು ಕಾರ್ಖಾನೆಯ ಆಸ್ಪತ್ರೆಯು, ಕಾರಣ ತಿಳಿಯದ ನರರೋಗವೊಂದು ಹಬ್ಬುತ್ತಿದೆಯೆಂದು ಆರೋಗ್ಯಾಧಿಕಾರಿಗಳಿಗೆ ವರದಿ ಮಾಡಿತು. ಅಂಟುರೋಗವೆಂದು ಹೆದರಿದ ನೆರೆಹೊರೆಯವರು ರೋಗಿಗಳ ಮನೆಗೆ ಕಾಲಿಡುವುದನ್ನು ಬಿಟ್ಟರು. ರೋಗದ ಮೇಲೆ ಬಡತನ, ಬಡತನದ ಮೇಲೆ ಬಹಿಷ್ಕಾರ. ಮೂರು ಹೊರೆಗಳನ್ನೂ ಅವರು ಒಂದೇ ಹೆಗಲಿನ ಮೇಲೆ ಹೊರಬೇಕಾಯಿತು.

ಇಲ್ಲಿ ಕಂಪನಿಯ ಪರವಾಗಿ ಒಂದು ಮಾತನ್ನು ಹೇಳಬಹುದು. ಕಡಲು ಅಪಾರವಾದುದು, ಅದರಲ್ಲಿ ಬಿದ್ದದ್ದು ಇಲ್ಲವಾಗುತ್ತದೆಂಬುದು ಆ ಕಾಲದ ಎಲ್ಲ ದೇಶಗಳ ನಂಬಿಕೆಯಾಗಿತ್ತು. ಅರಿಯದೆ ಮಾಡಿದ ಕೆಡಕನ್ನು ಅಪರಾಧವೆನ್ನಬಹುದೆ? ಈ ಮಾತಿನಲ್ಲಿ ಸ್ವಲ್ಪ ನ್ಯಾಯವಿಲ್ಲದಿಲ್ಲ. ಅರಿಯದವನ ಕೈಯಿಂದ ನೋವಾದರೆ ಅವನನ್ನು ಕ್ರೂರಿಯೆನ್ನಲಾಗದು. ಆದರೆ ಅರಿಯದೆ ಮಾಡಿದವನ ಮೇಲೂ ಅರಿತೊಡನೆ ಒಂದು ಋಣವು ಹುಟ್ಟುತ್ತದೆ. ಕತ್ತಲೆಯಲ್ಲಿ ಯಾರನ್ನೋ ತುಳಿದವನು, ದೀಪ ಬಂದ ಮೇಲೂ ಕಾಲು ತೆಗೆಯದಿದ್ದರೆ, ಕತ್ತಲೆಯನ್ನು ದೂರುವ ಹಕ್ಕನ್ನು ಕಳೆದುಕೊಳ್ಳುತ್ತಾನೆ.

ಮಿನಮಾಟದಲ್ಲಿ ದೀಪವು ಬಂದದ್ದು 1959ರಲ್ಲಿ. ಆ ವರ್ಷದ ಜುಲೈ ತಿಂಗಳಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದ ಸಂಶೋಧಕರು ರೋಗಕ್ಕೆ ಪಾದರಸವೇ ಕಾರಣವಿರಬೇಕೆಂದು ಸಾರಿದರು. ಅದೇ ವೇಳೆಗೆ ಕಾರ್ಖಾನೆಯ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾಕ್ಟರ್ ಹೊಸೊಕಾವ ಹಜಿಮೆಯವರು, ಕಾರ್ಖಾನೆಯ ಹೊಲಸು ನೀರನ್ನು ಆಹಾರದಲ್ಲಿ ಬೆರೆಸಿ ಒಂದು ಬೆಕ್ಕಿಗೆ ಉಣಿಸಿ ನೋಡಿದರು. ಪರೀಕ್ಷೆಯ ಪಟ್ಟಿಯಲ್ಲಿ ಅದರ ಸಂಖ್ಯೆ 400. ಅಕ್ಟೋಬರಿನಲ್ಲಿ ಆ ಬೆಕ್ಕಿಗೆ ಅದೇ ರೋಗ ಬಂತು. ಸತ್ಯವು ಕಂಪನಿಯ ಮನೆಯೊಳಗೇ ಹುಟ್ಟಿತು. ಮನೆಯವರು ಬಾಗಿಲು ಮುಚ್ಚಿದರು. ಪರೀಕ್ಷೆಯನ್ನು ನಿಲ್ಲಿಸಬೇಕೆಂದು ಆಜ್ಞೆಯಾಯಿತು, ಫಲಿತಾಂಶವು ಹೊರಗೆ ಬರಲಿಲ್ಲ. ಹೊಲಸು ನೀರು ಹರಿಯುತ್ತಲೇ ಇತ್ತು. ಆ ತಯಾರಿಕೆಯು ನಿಂತದ್ದು 1968ರ ಮೇ ತಿಂಗಳಲ್ಲಿ. ಕಾರ್ಖಾನೆಯ ಪಾದರಸವೇ ರೋಗದ ಮೂಲವೆಂದು ಸರ್ಕಾರವು ಒಪ್ಪಿಕೊಂಡದ್ದು ಅದಾದ ಮೇಲೆ, ಸೆಪ್ಟೆಂಬರ್ 26ರಂದು. ಈ ನಡುವೆ, 1965ರಲ್ಲಿ, ನೀಗಾಟ ಪ್ರಾಂತದ ಅಗಾನೊ ನದಿಯ ತೀರದಲ್ಲಿ, ಅದೇ ಬಗೆಯ ತಯಾರಿಕೆಯಿದ್ದ ಬೇರೊಂದು ಕಾರ್ಖಾನೆಯ ಕೆಳಗೆ, ಅದೇ ರೋಗವು ಮತ್ತೆ ಕಾಣಿಸಿಕೊಂಡಿತು. ಒಂದೆಡೆ ಬಚ್ಚಿಟ್ಟ ಸತ್ಯಕ್ಕೆ ಇನ್ನೊಂದೆಡೆಯವರು ಬೆಲೆ ತೆತ್ತರು. ಹೊಸೊಕಾವರವರು 1970ರಲ್ಲಿ, ತಾವೇ ಮರಣಶಯ್ಯೆಯಲ್ಲಿದ್ದಾಗ, ಆ ಬೆಕ್ಕಿನ ವೃತ್ತಾಂತವನ್ನು ನ್ಯಾಯಾಲಯಕ್ಕೆ ಸಾಕ್ಷಿಯಾಗಿ ನುಡಿದರು. ತಡವಾಗಿ ಬಂದ ಸತ್ಯವದು. ಆದರೂ ಬಾರದೆ ಹೋಗಲಿಲ್ಲ.

ಹಣದಿಂದ ಹೊಣೆಯು ತೀರುತ್ತದೆಯೆಂಬುದು ಎರಡನೆಯ ವಾದ. 1959ರ ಡಿಸೆಂಬರ್ 30ರಂದು ಕಂಪನಿಯು ರೋಗಿಗಳೊಡನೆ ಒಂದು ಒಪ್ಪಂದವನ್ನು ಮಾಡಿಕೊಂಡಿತು. ಕೊಟ್ಟ ಹಣಕ್ಕೆ ಪರಿಹಾರವೆಂಬ ಹೆಸರಿರಲಿಲ್ಲ; ಸಹಾನುಭೂತಿಯ ಹಣವೆಂದು ಕರೆದರು. ತೀರಿಕೊಂಡವರಿಗೆ 3 ಲಕ್ಷ ಯೆನ್ ಎಂದು ಗೊತ್ತುಮಾಡಿದರು. ಮುಂದೆ ಎಂದಾದರೂ ಕಾರ್ಖಾನೆಯೇ ರೋಗಕ್ಕೆ ಕಾರಣವೆಂದು ಸಿದ್ಧವಾದರೂ ಹೊಸದಾಗಿ ಏನನ್ನೂ ಕೇಳತಕ್ಕದ್ದಲ್ಲವೆಂಬ ಕರಾರು ಅದರಲ್ಲಿತ್ತು. ಹಸಿದವನ ಹಸ್ತಾಕ್ಷರವನ್ನು ಪಡೆಯುವುದು ಕಷ್ಟವಲ್ಲ. ಆದರೆ 1973ರ ಮಾರ್ಚ್ 20ರಂದು ಕುಮಾಮೊಟೊ ನ್ಯಾಯಾಲಯವು, ಆ ಒಪ್ಪಂದವು ಲೋಕನೀತಿಗೆ ವಿರುದ್ಧವಾದುದರಿಂದ ಅಸಿಂಧುವೆಂದು ತೀರ್ಪಿತ್ತಿತು. ದಾನವು ಋಣದ ವೇಷ ಹಾಕಿದರೆ ಅದು ವಿನಯ. ಋಣವು ದಾನದ ವೇಷ ಹಾಕಿದರೆ ಅದು ವಂಚನೆ. ಕೊಡಬೇಕಾದುದನ್ನು ಕೊಡುವಾಗ ಕೈ ಮೇಲಿರಬಾರದು.

ಇನ್ನು ಮೂರನೆಯದು, ಎಲ್ಲಕ್ಕಿಂತ ಸೂಕ್ಷ್ಮವಾದುದು: ಇದು ಒಡೆಯರ ತಪ್ಪು, ದುಡಿಯುವವನಿಗೂ ಊರಿಗೂ ಇದರಲ್ಲಿ ಪಾಲಿಲ್ಲ ಎಂಬ ವಾದ. ಹೊಲಸು ನೀರನ್ನು ನಿಲ್ಲಿಸಬೇಕೆಂದು ಬೆಸ್ತರು 1959ರ ನವೆಂಬರಿನಲ್ಲಿ ಎದ್ದುನಿಂತಾಗ, ನಿಲ್ಲಿಸಕೂಡದೆಂದು ಪ್ರಾಂತಾಧಿಪತಿಗೆ ಬಿನ್ನವಿಸಿಕೊಂಡವರು ಊರಿನ ಪ್ರಮುಖರೇ. ಕಾರ್ಖಾನೆಯು ಮುಚ್ಚಿದರೆ ಊರಿನ ಅನ್ನವೇ ಹೋಗುತ್ತದೆಂದು ಅವರು ಅಂಜಿದರು. ಆ ಅಂಜಿಕೆಯನ್ನು ಹಗುರಾಗಿ ಕಾಣುವಂತಿಲ್ಲ. ಮನೆಯಲ್ಲಿ ಮಕ್ಕಳಿರುವ ಯಾವ ಗೃಹಸ್ಥನೂ ಅದನ್ನು ಬಲ್ಲನು. ಆದರೆ ಒಬ್ಬನ ಅನ್ನವು ಇನ್ನೊಬ್ಬನ ತಟ್ಟೆಯಲ್ಲಿ ವಿಷವಾಗುವುದಾದರೆ, ಆ ಅನ್ನವನ್ನು ಏನೆಂದು ಕರೆಯಬೇಕು? ಈ ಪ್ರಶ್ನೆಯನ್ನು ಕೊನೆಗೆ ಕಾರ್ಖಾನೆಯ ಕಾರ್ಮಿಕರೇ ಕೇಳಿಕೊಂಡರು. 1968ರ ಆಗಸ್ಟಿನಲ್ಲಿ ಅವರ ಸಂಘವೊಂದು, ಇಷ್ಟು ಕಾಲ ರೋಗಿಗಳ ಪರವಾಗಿ ಹೋರಾಡದೆ ಉಳಿದದ್ದು ತಮಗೆ ನಾಚಿಕೆಯ ವಿಷಯವೆಂದು ಬಹಿರಂಗವಾಗಿ ಘೋಷಿಸಿತು. ಆ ಘೋಷಣೆಗೆ 'ನಾಚಿಕೆಯ ಘೋಷಣೆ' ಎಂದೇ ಹೆಸರಾಗಿದೆ. ತನ್ನ ಕೂಲಿಯು ಎಲ್ಲಿಂದ ಬರುತ್ತದೆಂದು ಕೇಳಿಕೊಳ್ಳುವುದು ಕೆಲಸಕ್ಕೆ ದ್ರೋಹವಲ್ಲ. ಆ ಕೇಳಿಕೆಯಿಂದಲೇ ಕೆಲಸವು ಕಾಯಕವೆನಿಸಿಕೊಳ್ಳುವ ಯೋಗ್ಯತೆಯನ್ನು ಪಡೆಯುತ್ತದೆ.

ಇಷ್ಟರಲ್ಲಿ ವಿಷವು ಇನ್ನೊಂದು ಹೊಸ್ತಿಲನ್ನು ದಾಟಿತ್ತು. ಗರ್ಭದ ಮಾಸು ಮಗುವನ್ನು ವಿಷದಿಂದ ಕಾಪಾಡುವ ಗೋಡೆಯೆಂದು ವೈದ್ಯರು ನಂಬಿದ್ದರು. ಮೀಥೈಲ್ ಪಾದರಸವು ಆ ಗೋಡೆಯನ್ನು ದಾಟಿ ಹೋಯಿತು. ಮೀನನ್ನು ಎಂದೂ ಬಾಯಲ್ಲಿಡದ ಹಸುಗೂಸುಗಳು ರೋಗಿಗಳಾಗಿಯೇ ಹುಟ್ಟಿದವು. ಎಷ್ಟೋ ಕಡೆ ತಾಯಿಯಲ್ಲಿ ರೋಗದ ಲಕ್ಷಣಗಳು ಅಲ್ಪವಾಗಿದ್ದವು, ಮಗುವಿನಲ್ಲಿ ತೀವ್ರವಾಗಿದ್ದವು. 1962ರಲ್ಲಿ ಇದು ಹುಟ್ಟಿನಿಂದಲೇ ಬಂದ ಮಿನಮಾಟ ರೋಗವೆಂದು ಅಂಗೀಕೃತವಾಯಿತು. ಜಪಾನಿನಲ್ಲಿ ಮಗುವಿನ ಹೊಕ್ಕುಳಬಳ್ಳಿಯ ತುಣುಕನ್ನು ಒಣಗಿಸಿ ಸಣ್ಣ ಪೆಟ್ಟಿಗೆಯಲ್ಲಿ ನೆನಪಿಗಾಗಿ ಇಟ್ಟುಕೊಳ್ಳುವ ಪದ್ಧತಿಯುಂಟು. ಡಾಕ್ಟರ್ ಹರಾಡ ಮಸಜುಮಿಯವರೂ ಅವರ ಜೊತೆಗಾರರೂ ಮನೆಮನೆಯ ಆ ತುಣುಕುಗಳನ್ನು ಪರೀಕ್ಷಿಸಿ ನೋಡಿದರು. ಕಾರ್ಖಾನೆಯ ತಯಾರಿಕೆಯು ಏರಿದ ವರ್ಷಗಳಲ್ಲಿ ಬಳ್ಳಿಯಲ್ಲಿಯ ಪಾದರಸವೂ ಏರಿತ್ತು; ಇಳಿದ ವರ್ಷಗಳಲ್ಲಿ ಇಳಿದಿತ್ತು. ಕಂಪನಿಯು ತನ್ನ ಲೆಕ್ಕವನ್ನು ಬಚ್ಚಿಟ್ಟರೇನು? ಕೊಲ್ಲಿಯ ಕೆಸರು ಒಂದು ಲೆಕ್ಕವನ್ನು ಇಟ್ಟಿತ್ತು, ತಾಯಂದಿರ ಪೆಟ್ಟಿಗೆಗಳು ಇನ್ನೊಂದನ್ನು ಇಟ್ಟಿದ್ದವು. ಎರಡೂ ಒಂದಕ್ಕೊಂದು ಸರಿಹೊಂದಿದವು.

ಕೆಲಸ ನಿಂತಿತು, ತೀರ್ಪು ಬಂತು. ಕೆಸರು ಮಾತ್ರ ಅಲ್ಲಿಯೇ ಇತ್ತು. ವಿಷದ ಮೀನು ಹೊರಗೆ ಹೋಗದಂತೆ 1974ರಲ್ಲಿ ಕೊಲ್ಲಿಯ ಬಾಯಿಗೆ ಬಲೆಯನ್ನು ಕಟ್ಟಿದರು. 1977ರಲ್ಲಿ ಹೂಳೆತ್ತುವ ಕೆಲಸ ಮೊದಲಾಯಿತು. ಹತ್ತು ಲಕ್ಷಕ್ಕೆ 25 ಭಾಗಕ್ಕಿಂತ ಹೆಚ್ಚು ಪಾದರಸವಿದ್ದ ಕೆಸರು ಸುಮಾರು 15 ಲಕ್ಷ ಘನ ಮೀಟರುಗಳಷ್ಟಿತ್ತು. ಅದರಲ್ಲಿ ಕೆಲವನ್ನು ಇದ್ದಲ್ಲಿಯೇ ಮುಚ್ಚಿ, ಉಳಿದುದನ್ನು ಎತ್ತಿ ತಂದು ಉಕ್ಕಿನ ಗೋಡೆಯ ಹಿಂದೆ ತುಂಬಿ, ಮೇಲೆ ಶುದ್ಧವಾದ ಮಣ್ಣನ್ನು ಹಾಸಿದರು. 1990ರಲ್ಲಿ ಕೆಲಸ ಮುಗಿದಾಗ 58 ಹೆಕ್ಟೇರುಗಳ ಹೊಸ ನೆಲವು ಎದ್ದಿತ್ತು; 4,850 ಕೋಟಿ ಯೆನ್ ವೆಚ್ಚವಾಗಿತ್ತು. ಮೀನು ನಿರಪಾಯವೆಂದು ಸಾರಿ ಬಲೆಯನ್ನು ತೆಗೆದದ್ದು 1997ರಲ್ಲಿ. ಸರ್ಕಾರವು ರೋಗಿಗಳೆಂದು ಅಂಗೀಕರಿಸಿದವರು 2,200ಕ್ಕೂ ಹೆಚ್ಚು. ಬೇರೆ ಬೇರೆ ಏರ್ಪಾಡುಗಳಿಂದ ಪರಿಹಾರ ಪಡೆದವರು ಹತ್ತಾರು ಸಾವಿರ.

ಆ ನೆಲವು ಈಗ ಉದ್ಯಾನವಾಗಿದೆ. ಮಕ್ಕಳು ಅಲ್ಲಿ ಆಡುತ್ತಾರೆ. ಆದರೆ ಅದರ ಅಡಿಯಲ್ಲಿ ಪಾದರಸವು ಹಾಗೆಯೇ ಇದೆ. ಉಪ್ಪುನೀರಿನ ಮಗ್ಗುಲಲ್ಲಿ ನಿಂತ ಉಕ್ಕು ಎಂದೆಂದಿಗೂ ಬಾಳುವಂಥದಲ್ಲ; ಗೋಡೆಯನ್ನು ನೋಡುತ್ತಿರಬೇಕು, ಸರಿಪಡಿಸುತ್ತಿರಬೇಕು. ಪಾದರಸಕ್ಕೆ ಆಯುಸ್ಸಿನ ಮಿತಿಯಿಲ್ಲ, ಗೋಡೆಗೆ ಇದೆ, ಗೋಡೆಯನ್ನು ಕಾಯುವ ಮನುಷ್ಯನಿಗಂತೂ ಇನ್ನೂ ಅಲ್ಪ. ಆದಕಾರಣ ಈ ಕಾವಲು ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಸಾಗಬೇಕಾದ ಕೆಲಸ. 36 ವರ್ಷಗಳ ತಯಾರಿಕೆಯು ಎಷ್ಟು ತಲೆಮಾರುಗಳ ಕಾವಲನ್ನು ಬೇಡುತ್ತದೆಂದು ಎಣಿಸಿ ಹೇಳುವುದು ಯಾರಿಂದಲೂ ಆಗದು.

ಹಾಗಾದರೆ ಮೊದಲಿನ ಪ್ರಶ್ನೆಗೆ ಉತ್ತರವೇನು? ಕೆಲಸದ ಹೊಣೆಯು ಕೆಲಸದೊಡನೆ ಮುಗಿಯುವುದಿಲ್ಲ. ಅದರ ಫಲವು ಎಲ್ಲಿಯವರೆಗೆ ಉಳಿಯುತ್ತದೆಯೋ ಅಲ್ಲಿಯವರೆಗೆ ಉಳಿಯುತ್ತದೆ. ಆದರೆ ಈ ಮಾತು ಕೇವಲ ಭಯಕ್ಕೆ ಕಾರಣವಾಗಬಾರದು. ಅಳಿಸಲಾಗದ ತಪ್ಪಿನ ಮುಂದೆಯೂ ಮನುಷ್ಯನಿಗೆ ಮೂರು ಕರ್ತವ್ಯಗಳು ಉಳಿದಿವೆ. ಆದದ್ದನ್ನು ಮರೆಮಾಚದೆ ನುಡಿಯುವುದು ಒಂದು; ಮರಳಿ ತೆಗೆಯಬಹುದಾದುದನ್ನು ತೆಗೆಯುವುದು ಎರಡು; ತೆಗೆಯಲಾಗದುದನ್ನು ಕಾಯುತ್ತಿರುವುದು ಮೂರು. ಮರಣಶಯ್ಯೆಯ ವೈದ್ಯರು ಮೊದಲನೆಯದನ್ನು ಮಾಡಿದರು. ಹೂಳೆತ್ತಿದವರು ಎರಡನೆಯದನ್ನು ಮಾಡಿದರು. ಮೂರನೆಯದನ್ನು ಇನ್ನೂ ಹುಟ್ಟದವರು ಮಾಡಬೇಕಾಗಿದೆ. 2013ರಲ್ಲಿ ಅದೇ ಕುಮಾಮೊಟೊದಲ್ಲಿ, ಪಾದರಸದ ಬಳಕೆಯನ್ನು ಹಿಡಿತದಲ್ಲಿಡಲು ಅನೇಕ ರಾಷ್ಟ್ರಗಳು ಸೇರಿ ಮಾಡಿಕೊಂಡ ಒಪ್ಪಂದಕ್ಕೆ ಮಿನಮಾಟದ ಹೆಸರನ್ನೇ ಇಟ್ಟರು. ಅದು 2017ರಲ್ಲಿ ಜಾರಿಗೆ ಬಂತು. ಭಾರತವು 2018ರಲ್ಲಿ ಅದನ್ನು ಅನುಮೋದಿಸಿತು. ಆದ್ದರಿಂದ ಆ ದೂರದ ಕೊಲ್ಲಿಯ ಪಾಠದಲ್ಲಿ ಈ ನಾಡಿನವರಿಗೂ ಪಾಲಿದೆ.

ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರೆಂದೂ, ಲಕ್ಕಮ್ಮನವರು ಅದನ್ನು ಕಂಡು, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರೆಂದೂ ಎಲ್ಲರೂ ಕೇಳಿದ್ದಾರೆ. ಆ ತಾಯಿಯು ಕಳವನ್ನು ಶಂಕಿಸಲಿಲ್ಲ, ಲೆಕ್ಕವನ್ನು ಕೇಳಿದರು. ಮನೆಗೆ ಬಂದದ್ದಕ್ಕೆ ಲೆಕ್ಕ ಕೇಳುವ ಈ ದೃಷ್ಟಿಯನ್ನು ಮನೆಯಿಂದ ಹೋಗುವುದಕ್ಕೂ ವಿಸ್ತರಿಸಬೇಕಾದ ಕಾಲವಿದು. ಕೆಟ್ಟ ವಿದ್ಯುತ್ ಕೋಶ, ಒಡೆದ ಟ್ಯೂಬುದೀಪ, ಉಳಿದ ಕೀಟನಾಶಕದ ಡಬ್ಬಿ ಇವು ಹಿತ್ತಿಲ ತಿಪ್ಪೆಯಲ್ಲಿ ಗೊಬ್ಬರವಾಗುವ ವಸ್ತುಗಳಲ್ಲ. ಅವು ಎಲ್ಲಿಗೆ ಹೋಗುತ್ತವೆಂದು ಕೇಳುವವನು, ಕೊಳ್ಳುವಾಗಲೂ ಕೇಳುತ್ತಾನೆ. ಊರ ಹಳ್ಳಕ್ಕೆ ಬಣ್ಣದ ನೀರು ಬಿದ್ದಾಗಲೂ ಕೇಳುತ್ತಾನೆ. ಕೇಳುವವರು ಹೆಚ್ಚಿದಷ್ಟೂ ಬಚ್ಚಿಡುವುದು ಕಷ್ಟವಾಗುತ್ತದೆ.

ಮಿನಮಾಟದ ಆ ಉದ್ಯಾನದಲ್ಲಿ, ಕಡಲಿಗೆ ಮುಖ ಮಾಡಿ, ಚಿಕ್ಕ ಚಿಕ್ಕ ಕಲ್ಲಿನ ಮೂರ್ತಿಗಳು ನಿಂತಿವೆ. ರೋಗಿಗಳೂ ಅವರ ಬಂಧುಗಳೂ ಸ್ನೇಹಿತರೂ ತಮ್ಮ ಕೈಯಿಂದ ಅವುಗಳನ್ನು ಕಡೆದು, ಸತ್ತ ಮನುಷ್ಯರ ಜೊತೆಗೆ ಸತ್ತ ಮೀನು, ಹಕ್ಕಿ, ಬೆಕ್ಕುಗಳನ್ನೂ ನೆನೆದು ಅಲ್ಲಿರಿಸಿದ್ದಾರೆ. ಕಾಲಡಿಯಲ್ಲಿ ವಿಷದ ಕೆಸರು, ಮೇಲೆ ಹಸುರು ಹುಲ್ಲು, ನಡುವೆ ಆ ಕಲ್ಲುಗಳು. ಕೆಳಗಿರುವುದನ್ನು ಮರೆತು ಹುಲ್ಲಿನ ಮೇಲೆ ನಡೆಯದಿರಲೆಂದೇ ಅವು ಅಲ್ಲಿ ನಿಂತಿರುವುದು.